ಕಟ್ಟುವ ಮುಂಚೆ ನೆಲ ಅಗೆದು ನೋಡಬೇಕಂತೆ, ಯಾಕೆ?

ಖಾಲಿಸೈಟು:
ನಾನೂ ನನ್ನ ತಮ್ಮನೂ ಸೇರಿ ಒಂದು ಜಾಗದಲ್ಲಿ ಹನ್ನೆರಡು ಮನೆ ಕಟ್ಟೋಣ ಅಂತಿದ್ದೇವೆ. ನಕ್ಷೆ ಕೊಟ್ಟಾಯಿತು. ಈಗ ಪತ್ರ ಬಂದಿದೆ, ಮೊದಲು ಪುರಾತತ್ವ ಪರಿಶೀಲನೆ ಮಾಡಿಸಿ ವರದಿ ಕೊಡಿ, ಅನುಮತಿ ವಿಚಾರ ಆಮೇಲೆ ಅಂತ. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ, ಒಂದು ಹಳೇ ಕಲ್ಲು ಕೂಡ ಇಲ್ಲ. ಏನು ಮಾಡುತ್ತಾರೆ ಇದರಲ್ಲಿ? ಏನಾದರೂ ಸಿಕ್ಕಿಬಿಟ್ಟರೆ ಜಾಗ ಕೈತಪ್ಪುತ್ತಾ?

ಎರೆಹುಳ:
ನಾನು ಇದೇ ಕೆಲಸದಲ್ಲಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೇಲೆ ಏನೂ ಕಾಣದ ಜಾಗದಲ್ಲೇ ನಮಗೆ ಜಾಸ್ತಿ ಕೆಲಸ. ಹಳೇ ನಕ್ಷೆ, ಆಕಾಶದಿಂದ ತೆಗೆದ ಫೋಟೋ ಎಲ್ಲ ಮೊದಲು ನೋಡುತ್ತೇವೆ. ಆಮೇಲೆ ಮ್ಯಾಗ್ನೆಟೋಮೀಟರ್ ಹಿಡಿದು ಸಾಲು ಸಾಲಾಗಿ ನಡೆಯುವುದು. ಸುಟ್ಟ ಮಣ್ಣು, ಹಳೇ ಒಲೆ, ಮುಚ್ಚಿಹೋದ ಹಳ್ಳ ಇದ್ದರೆ ಅಲ್ಲಿ ಕಾಂತಗುಣ ಬೇರೆ ಇರುತ್ತೆ, ಯಂತ್ರಕ್ಕೆ ಗೊತ್ತಾಗುತ್ತೆ. ಪಕ್ಕದಲ್ಲೇ ಕಬ್ಬಿಣದ ಬೇಲಿ ಇದ್ದರೆ ಮಾತ್ರ ಅದು ಕೆಲಸಕ್ಕೆ ಬರಲ್ಲ.

ಕೊನೆಗೆ ಅಗೆಯುವುದು. ಪೂರ್ತಿ ಜಾಗ ಅಲ್ಲ, ಅಲ್ಲಲ್ಲಿ ಉದ್ದುದ್ದ ಕಂದಕ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು ಜಾಗ ಅಗೆಯುತ್ತಾರೆ. ಯಂತ್ರಕ್ಕೆ ಹಲ್ಲಿಲ್ಲದ ಬಕೆಟ್ ಹಾಕಿಸಬೇಕು, ಹಲ್ಲಿದ್ದರೆ ನೆಲವೆಲ್ಲ ಗೀರು ಬಿದ್ದು ಏನೂ ಕಾಣಿಸಲ್ಲ. ಮೇಲ್ಮಣ್ಣು ಹೋದ ಮೇಲೆ ಕರಣೆಯಲ್ಲಿ ಹೆರೆಯುತ್ತೇವೆ.

ಸಿಗುವುದು ನಿಧಿ ಅಲ್ಲ, ಮಣ್ಣಿನ ಬಣ್ಣ. ಹಳದಿ ಮಣ್ಣಿನ ನಡುವೆ ಒಂದು ತಟ್ಟೆಯಷ್ಟು ಅಗಲದ ಕಪ್ಪು ಕಲೆ, ದುಂಡಗೆ. ಅಲ್ಲೊಂದು ಮರದ ಕಂಬ ನಿಂತಿತ್ತು, ಕೊಳೆತು ಹೋಯಿತು, ಆ ಗುಂಡಿಯಲ್ಲಿ ಬೇರೆ ಮಣ್ಣು ತುಂಬಿಕೊಂಡಿತು. ಅದರ ಅರ್ಧ ಮಾತ್ರ ಅಗೆದು, ಉಳಿದರ್ಧದ ಪಕ್ಕೆ ನೋಡುತ್ತೇವೆ. ಬಿಸಿಲು ಬಿದ್ದು ಒಣಗಿದರೆ ಕಲೆಯೇ ಕಣ್ಣಿಗೆ ಕಾಣದಂತಾಗುತ್ತೆ, ಅದಕ್ಕೆ ನೀರು ಚಿಮುಕಿಸುತ್ತಾ ಕೂತಿರುತ್ತೇವೆ. ದಾರಿಯಲ್ಲಿ ಹೋಗುವವರು ಏನು ಬೆಳೆಯುತ್ತಿದ್ದೀರಿ ಅಂತ ಕೇಳಿದ್ದೂ ಉಂಟು!

ಸಿಕ್ಕಿದ ಮಾತ್ರಕ್ಕೆ ಜಾಗ ಹೋಗುವುದು ಅಪರೂಪ. ಹೆಚ್ಚಾಗಿ ದಾಖಲೆ ಮಾಡಿಕೊಂಡು ಬಿಟ್ಟುಕೊಡುತ್ತಾರೆ. ಇಲ್ಲವಾದರೆ ಆ ಭಾಗ ಬಿಟ್ಟು ಕಟ್ಟಿ ಅನ್ನುತ್ತಾರೆ.

ಗಾರೆಕೆಲಸ:
ನಾನು ಕಂಟ್ರಾಕ್ಟರ್. ಸುಮ್ನೆ ದುಡ್ಡು ದಂಡ ಅಂತಲೇ ನಾನೂ ಅಂದುಕೊಂಡಿದ್ದೆ. ಒಂದು ಸೈಟಿನಲ್ಲಿ ಏಳು ಕಂದಕ ತೆಗೆದರು, ಸಿಕ್ಕಿದ್ದು ಒಡೆದ ಪೈಪು. ಆದರೆ ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಕಂದಕ ಮುಚ್ಚುವಾಗ ಮಣ್ಣು ಸರಿಯಾಗಿ ದಮ್ಮಸು ಮಾಡಿರಲಿಲ್ಲ, ನಮ್ಮ ಎರಡು ಕಂಬದ ಪಾಯ ಸರಿಯಾಗಿ ಅದರ ಮೇಲೇ ಬಂತು, ಮತ್ತೆ ಅಗೆದು ತುಂಬಿಸಬೇಕಾಯಿತು. ಕಂದಕ ಎಲ್ಲೆಲ್ಲಿ ಹೋಯಿತು ಅನ್ನುವ ನಕ್ಷೆ ಇಸ್ಕೊಂಡು ನಿಮ್ಮ ಎಂಜಿನಿಯರ್ ಕೈಗೆ ಕೊಡಿ. ಇದನ್ನು ಯಾರೂ ಹೇಳಲ್ಲ.

ಎರೆಹುಳ:
ಸರಿಯಾದ ಮಾತು, ನಮ್ಮವರದೇ ತಪ್ಪು ಅದು. ಇನ್ನೊಂದು, ಪರಿಶೀಲನೆ ತಡವಾದರೆ ಏನಾಗುತ್ತೆ ಅಂತಲೂ ಹೇಳಿಬಿಡುತ್ತೇನೆ. 1989ರಲ್ಲಿ ಲಂಡನ್ನಿನಲ್ಲಿ ಒಂದು ಆಫೀಸು ಕಟ್ಟಡ ಏಳಬೇಕಿದ್ದ ಜಾಗದಲ್ಲಿ ರೋಸ್ ಅನ್ನುವ ನಾಟಕಶಾಲೆಯ ಪಾಯ ಸಿಕ್ಕಿತು, 1587ರದ್ದು. ಜನ ಬೀದಿಗಿಳಿದರು, ಕೆಲಸ ನಿಂತಿತು, ಕೊನೆಗೆ ವಿನ್ಯಾಸವನ್ನೇ ಬದಲಿಸಿ ಆ ಪಾಯ ಅಡಿಯಲ್ಲಿ ಉಳಿಯುವ ಹಾಗೆ ಕಟ್ಟಿದರು. ಮರುವರ್ಷ, 1990ರಲ್ಲಿ, ಅನುಮತಿ ಕೊಡುವ ಮುಂಚೆಯೇ ನೆಲ ನೋಡಿಸಿ ಅನ್ನುವ ಮಾರ್ಗಸೂಚಿ ಇಂಗ್ಲೆಂಡಿನಲ್ಲಿ ಬಂತು. ಹಾಗಾಗಿ ಖಾಲಿಸೈಟು ಅವರೇ, ನಿಮ್ಮ ನಕ್ಷೆ ಅಂತಿಮ ಮಾಡಬೇಡಿ. ವರದಿ ಬಂದ ಮೇಲೆ ಕಾರು ನಿಲ್ಲಿಸುವ ಜಾಗವನ್ನೋ ಪಾರ್ಕನ್ನೋ ಆ ಕಡೆ ಸರಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತೆ.

ಖಾಲಿಸೈಟು:
ಥ್ಯಾಂಕ್ಸ್, ಈಗ ಸ್ವಲ್ಪ ಧೈರ್ಯ ಬಂತು. ಒಂದು ವಿಷಯ. ನನ್ನ ತಮ್ಮ ಹುಲ್ಲು, ಮೇಲ್ಮಣ್ಣು ತೆಗೆಸಿ ಜಾಗ ಮಟ್ಟ ಮಾಡಿಸೋಕೆ ನಾಳೆ ಬೆಳಿಗ್ಗೆಗೆ ಯಂತ್ರ ಹೇಳಿದ್ದಾನೆ. ಪರಿಶೀಲನೆಯವರಿಗೆ ಅನುಕೂಲ ಆಗುತ್ತೆ ಅಲ್ವಾ?

ಎರೆಹುಳ:
ಅಯ್ಯೋ, ಬೇಡ! ಎಷ್ಟೋ ಕಡೆ ಆ ಕಲೆಗಳು ಮೇಲ್ಮಣ್ಣಿನ ಕೆಳಗೇ, ಒಂದಡಿ ಆಳದಲ್ಲೇ ಇರುತ್ತವೆ. ಈಗಲೇ ಫೋನ್ ಮಾಡಿ ನಿಲ್ಲಿಸಿ.