ಅಟ್ಟದಲ್ಲಿ ಸಿಕ್ಕ ಮಿಲಿಟರಿ ಚೀಲ ಎಲ್ಲಿಯದು?

ವಿರಾಜಪೇಟೆಯಿಂದ ಕೇಳಿದ್ದು:
ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು, ಕೋವಿ ಒರೆಸೋಣ ಅಂತ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಅಟ್ಟ ಹತ್ತಿದ್ದೆ. ಒಂದು ಕ್ಯಾನ್ವಾಸ್ ಚೀಲ, ಹಿತ್ತಾಳೆ ಬಕಲ್ಲಿನ ಪಟ್ಟಿಗಳು, ಬೂಚು ಹಾಕಿದ ನೀಲಿ ಎನಾಮಲ್ ಬಾಟಲಿ ಸಿಕ್ಕವು. ಎರಡನೇ ಮಹಾಯುದ್ಧದಲ್ಲಿ ಅಜ್ಜ ಬರ್ಮಾಕ್ಕೆ ಹೋಗಿದ್ದಾಗಿನದು ಅಂತ ಅಮ್ಮ. ಅಲ್ಲ, ಚೀನಾ ಯುದ್ಧದ್ದು ಅಂತ ಮಾವ. ಹೇಗೆ ತಿಳಿಯೋದು?

ಮಡಿಕೇರಿಯಿಂದ:
ಮೊದಲು ಹಿತ್ತಾಳೆ ಹೊಳೆಸುವ ಬ್ರಾಸೋ ಡಬ್ಬಿ ದೂರ ಇಡಿ! ನಾನು ಕಿಲುಬು ಹೋಗಲಿ ಅಂತ ಬಕಲ್ ತಿಕ್ಕಿ ತಿಕ್ಕಿ, ಅದರ ಮೇಲಿದ್ದ ಮುದ್ರೆಯನ್ನೇ ಅಳಿಸಿಬಿಟ್ಟೆ. ಫಳಫಳ ಹೊಳೆಯುತ್ತೆ, ಆದರೆ ಯಾವ ದೇಶದ್ದು ಅಂತ ಈಗ ಯಾರಿಗೂ ಗೊತ್ತಾಗಲ್ಲ.

ಚೀಲದ ಮುಚ್ಚಳ ಎತ್ತಿ ಒಳಬದಿ ನೋಡಿ, ಪಟ್ಟಿಯ ಹಿಂಭಾಗವನ್ನೂ ನೋಡಿ. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದರೆ ಮಾಸಿದ ಅಕ್ಷರವೂ ಎದ್ದು ಕಾಣುತ್ತೆ. ಕೋಳಿಯ ಹೆಜ್ಜೆಯಂಥ ಮೂರು ಗೆರೆಯ ಬಾಣ ಇದೆಯಾ? ಅದು ಬ್ರಿಟಿಷ್ ಸರ್ಕಾರದ ಗುರುತು. ಬಾಣದ ಜೊತೆ ಇಂಗ್ಲಿಷಿನ ‘ಐ’ ಇದ್ದರೆ ಇಂಡಿಯಾದ್ದು. ‘ಸಿ’ ಒಳಗೆ ಬಾಣ ಇದ್ದರೆ ಕೆನಡಾ. ಎರಡು ‘ಡಿ’ ಮಧ್ಯೆ ಇದ್ದರೆ ಆಸ್ಟ್ರೇಲಿಯಾ. ಅಮೆರಿಕದವರು ಸುಮ್ನೆ ‘ಯು.ಎಸ್.’ ಅಂತ ದೊಡ್ಡದಾಗಿ ಹೊಡೆದಿರುತ್ತಾರೆ, ಹುಡುಕೋದೇ ಬೇಡ.

ಗೋಣಿಕೊಪ್ಪದಿಂದ:
ಮುದ್ರೆ ಸಿಗದಿದ್ದರೆ ಬೆರಳಿಗೆ ಕೆಲಸ ಕೊಡಿ. ನೀವು ಹೇಳಿದ್ದು ಕೇಳಿದರೆ 1937ರ ಮಾದರಿಯ ಸಾಮಾನು, ಅಂದರೆ ಬ್ರಿಟಿಷ್ ಸೇನೆಯ ಸಿಪಾಯಿಗಳು ಮೈಗೆ ಕಟ್ಟಿಕೊಳ್ಳುತ್ತಿದ್ದ ಚೀಲ-ಪಟ್ಟಿಗಳು, ಅನ್ನಿಸುತ್ತೆ. ಇಂಗ್ಲೆಂಡಿನ ಪಟ್ಟಿಯ ನೇಯ್ಗೆ ಒತ್ತಾಗಿ, ಗಟ್ಟಿಯಾಗಿರುತ್ತೆ. ಯುದ್ಧದ ಕಾಲದಲ್ಲಿ ಇಲ್ಲೇ ಮಾಡಿದ್ದು ಒರಟು. ಅಗಲ ಬೇಕಾದ ಕಡೆ ಸಣ್ಣ ಪಟ್ಟಿಗಳನ್ನು ಕೂಡಿಸಿ ಹೊಲಿದಿರುತ್ತಾರೆ, ಆ ಹೊಲಿಗೆ ಕೈಗೆ ಸಿಗುತ್ತೆ. ‘ಎಂ.ಇ.ಕೋ.’ ಅಂತಿದ್ದರೆ ಲಂಡನ್ನಿನ ಮಿಲ್ಸ್ ಕಂಪನಿಯದ್ದು. ಚರ್ಮದ ಸಾಮಾನಿನ ಮೇಲೆ ಕಾನ್ಪುರದ ಹೆಸರಿದ್ದರೆ ಕಾಗುಣಿತ ಗಮನಿಸಿ. ಇಂಗ್ಲಿಷಿನ ‘ಸಿ’ಯಿಂದ ಶುರುವಾದರೆ ಬ್ರಿಟಿಷರ ಕಾಲದ ಬರಹ.

ಸೋಮವಾರಪೇಟೆಯಿಂದ:
ಶಾಯಿಯಲ್ಲಿ ಬರೆದ ಹೆಸರು, ನಂಬರ್ ನೋಡಿ ಮೋಸ ಹೋಗಬೇಡಿ. ಅದು ಬಳಸಿದವನದು, ತಯಾರಿಸಿದವರದಲ್ಲ. ನಮ್ಮನೆಯ ಚೀಲದ ಮೇಲೆ ಯಾರೋ ಪಂಜಾಬಿ ಸಿಪಾಯಿಯ ಹೆಸರಿತ್ತು! ಮಿಲಿಟರಿಯವರು ಮಾರಿದ ಹಳೆ ಮಾಲನ್ನು ತೋಟದ ರೈಟರ್ ಒಬ್ಬರು ಕೊಂಡಿದ್ದರಂತೆ. ನಮ್ಮಜ್ಜ ಅದರಲ್ಲಿ ಕೋವಿಯ ತೋಟಾ ಇಡುತ್ತಿದ್ದರು, ಅಷ್ಟೇ.

ಇನ್ನೊಂದು ಮಾತು. ಮುದ್ರೆಯ ಇಸವಿ ಮಾಡಿದ ಇಸವಿ, ಯುದ್ಧದ್ದಲ್ಲ. 1937ರ ಮಾದರಿಯನ್ನು ನಮ್ಮ ಸೇನೆ 1962ರ ಚೀನಾ ಯುದ್ಧಕ್ಕೂ ಕಟ್ಟಿಕೊಂಡೇ ಹೋಗಿತ್ತು. ಅಮ್ಮ, ಮಾವ ಇಬ್ಬರ ಮಾತೂ ಸರಿ ಇರಬಹುದು, ಅಲ್ವಾ?

ವಿರಾಜಪೇಟೆಯಿಂದ ಮತ್ತೆ:
ಟಾರ್ಚ್ ಹಿಡಿದು ನೋಡಿದೆ. ಮುಚ್ಚಳದ ಒಳಗೆ ಬಾಣ, ಅದರ ಕೆಳಗೆ ‘ಐ’, ಪಕ್ಕದಲ್ಲಿ 1943. ಬಾಟಲಿಯಲ್ಲಿ ಏನೂ ಕಾಣಲಿಲ್ಲ. ಅದರ ಉಣ್ಣೆ ಕವಚವನ್ನು ಇಲಿ ತಿಂದಿದೆ.

ಮಡಿಕೇರಿಯಿಂದ:
ಕವಚದ ಚೂರು ಉಳಿದಿದ್ದರೂ ಬಿಸಾಡಬೇಡಿ. ಮತ್ತೆ ಅಟ್ಟಕ್ಕೆ ಹಾಕಬೇಡಿ, ನಮ್ಮ ಮಳೆಗೆ ಬೂಸ್ಟು ಹಿಡಿಯುತ್ತೆ. ಇಲ್ಲಿ ಬಂದಾಗ ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ, ಅದೇ ಅವರ ಮನೆಯಾಗಿದ್ದ ಸನ್ನಿಸೈಡಿಗೆ, ಫೋಟೊ ಹಿಡಿದುಕೊಂಡು ಹೋಗಿ ತೋರಿಸಿ.