ಬೋಸ್ನಿಯಾದ ಪ್ರವಾಸಿ ತಾಣಗಳಲ್ಲಿ ಯುದ್ಧದ ನೆನಪು: ಸಾಕ್ಷ್ಯಚಿತ್ರ ಶೂಟಿಂಗ್‌ಗೆ ಸಲಹೆ ಬೇಕು

ಕಡಲತಡಿ (ಉಡುಪಿ):
ಸರಾಯೆವೊ, ಮೊಸ್ತಾರ್, ವಿಶೆಗ್ರಾದ್‌ನಲ್ಲಿ ಚಿತ್ರೀಕರಣ. ಪ್ರವಾಸೋದ್ಯಮ 1992–95ರ ಯುದ್ಧದ ಯಾವ ನೆನಪನ್ನು ತೋರಿಸುತ್ತದೆ, ಯಾವುದನ್ನು ಮುಚ್ಚುತ್ತದೆ ಎಂಬುದೇ ವಿಷಯ. ಮೊದಲ ಪ್ರದರ್ಶನ ಮಂಗಳೂರಿನಲ್ಲಿ, ಕನ್ನಡ ಸಬ್‌ಟೈಟಲ್ ಜೊತೆ. ಎಲ್ಲಿ ಏನು ತೆಗೆಯಬೇಕು? ಎಲ್ಲಿ ಕೆಡುತ್ತದೆ?

ಹಂಪನಕಟ್ಟೆ ಫ್ರೇಮ್:
ಮುತ್ತಿಗೆಯ ಕಾಲದಲ್ಲಿ ನಗರಕ್ಕೆ ಸಾಮಾನು ಸಾಗಿಸಲು ತೋಡಿದ ಸುರಂಗವೇ ಈಗ ಸರಾಯೆವೊದ ಸುರಂಗ ಮ್ಯೂಸಿಯಂ. ಒಳಗೆ ಎತ್ತರ ಸುಮಾರು 1.6 ಮೀಟರ್, ಅಗಲ ಸುಮಾರು ಒಂದು ಮೀಟರ್. ಟ್ರೈಪಾಡ್ ಬಿಡಿ, ಫುಲ್‌ಫ್ರೇಮ್ ಆದರೆ 16–20 ಮಿ.ಮೀ. ಲೆನ್ಸ್, ಕೈಯಲ್ಲೇ. ಜಾಗ ಖಾಲಿಯಾಗಲೆಂದು ಕಾಯಬೇಡಿ, ತಲೆ ತಗ್ಗಿಸಿ ನಡೆಯುವ ಪ್ರವಾಸಿಗರೇ ನಿಮ್ಮ ವಿಷಯ. ಶೆಲ್ ಬಿದ್ದ ಕುಳಿಗೆ ಕೆಂಪು ರಾಳ ತುಂಬಿದ 'ಸರಾಯೆವೊ ಗುಲಾಬಿ'ಯನ್ನು ನಿಂತು ತೆಗೆದರೆ ಬರೀ ಬಣ್ಣದ ಕಲೆಯಂತೆ ಕಾಣುತ್ತದೆ. ಕ್ಯಾಮೆರಾ ನೆಲಕ್ಕಿಳಿಸಿ, ಜನ ದಾಟಿ ಹೋಗಲಿ. ಒದ್ದೆ ನೆಲದ ಹೊಳಪಿಗೆ ಕೆಂಪು ಬಿಳಿಚಿಕೊಂಡರೆ ಲೆನ್ಸ್‌ಗೆ ಪೋಲರೈಸರ್ ಫಿಲ್ಟರ್ ಹಾಕಿ.

ಮೊಸ್ತಾರ್‌ನ ಹಳೆಯ ಕಲ್ಲಿನ ಸೇತುವೆ ಶೆಲ್ ದಾಳಿಗೆ ಉರುಳಿದ್ದು 1993ರ ನವೆಂಬರ್ 9ರಂದು, ಮತ್ತೆ ತೆರೆದದ್ದು 2004ರ ಜುಲೈಯಲ್ಲಿ. ಪೋಸ್ಟ್‌ಕಾರ್ಡ್ ಕೋನ ಎಲ್ಲರ ಬಳಿಯೂ ಇದೆ. ''93 ಮರೆಯಬೇಡಿ' ಎಂದು ಬರೆದ ಕಲ್ಲಿನ ಹತ್ತಿರದ ಪೇಟೆಯಲ್ಲೇ ಗುಂಡಿನ ತೋಟೆಯಿಂದ ಮಾಡಿದ ಪೆನ್ನು ಮಾರುತ್ತಾರೆ. ಕಲ್ಲಿನಿಂದ ಅಂಗಡಿಗೆ ಕಟ್ ಮಾಡದೆ ಒಂದೇ ಶಾಟ್‌ನಲ್ಲಿ ಹೋಗಿ.

ನೇತ್ರಾವತಿ ದಂಡೆ:
ಚಿತ್ರದ ತೂಕವೆಲ್ಲ ವಿಶೆಗ್ರಾದ್‌ನಲ್ಲಿದೆ. ವಿಲಿನಾ ವ್ಲಾಸ್ ಸ್ಪಾ ಹೋಟೆಲಿನಲ್ಲಿ 1992ರಲ್ಲಿ ಹೆಂಗಸರನ್ನು ಕೂಡಿಹಾಕಿ ಅತ್ಯಾಚಾರ ಮಾಡಿದರು. ಯುದ್ಧ ಮುಗಿದ ಮೇಲೆ ಅದೇ ಕಟ್ಟಡ ಮತ್ತೆ ಸ್ಪಾ ಆಯಿತು. ಇಲ್ಲಿ ಸಂಗೀತ ಬೇಡ, ಜೂಮ್ ಬೇಡ. ಅಲುಗದ ವೈಡ್ ಶಾಟ್, ಕನಿಷ್ಠ ಎರಡು ನಿಮಿಷ. ಬದುಕುಳಿದವರಿಂದ ಅದನ್ನೆಲ್ಲ ಕ್ಯಾಮೆರಾ ಮುಂದೆ ಮತ್ತೆ ಹೇಳಿಸುವುದು ದಯವಿಟ್ಟು ಬೇಡ. ಹೇಗ್‌ನ ಯುಗೊಸ್ಲಾವಿಯಾ ನ್ಯಾಯಮಂಡಳಿಯ ಕಲಾಪ ಆನ್‌ಲೈನ್‌ನಲ್ಲಿದೆ. ವಿಶೆಗ್ರಾದ್‌ನ ಸರ್ಬ್ ಅರೆಸೈನಿಕ ಗುಂಪಿನ ನಾಯಕ ಮಿಲಾನ್ ಲುಕಿಚ್‌ಗೆ 2009ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಆದರೆ ಆರೋಪಪಟ್ಟಿಯಲ್ಲಿ ಅತ್ಯಾಚಾರವೇ ಇರಲಿಲ್ಲ. ಈ ಲೋಪವನ್ನು ಚಿತ್ರ ಹೇಳಲೇಬೇಕು. ರಕ್ಷಿತ ಸಾಕ್ಷಿಗಳಿಗೆ ಕೊಟ್ಟ ಸಂಕೇತವನ್ನಷ್ಟೇ ಬಳಸಿ, ಅವರು ಯಾರೆಂದು ಹುಡುಕಲು ಹೋಗಬೇಡಿ.

ಇನ್ನೊಂದು: ಒಳ್ಳೆಯ ಕೋನಕ್ಕಾಗಿ ರಸ್ತೆ ಬಿಟ್ಟು ಗುಡ್ಡ, ಪಾಳು ಮನೆಗಳತ್ತ ಇಳಿಯಬೇಡಿ. ನೆಲಬಾಂಬ್ ಇನ್ನೂ ಇವೆ. ಎಚ್ಚರಿಕೆಯ ಕೆಂಪು ಫಲಕ ಇಲ್ಲದಿದ್ದರೆ ಜಾಗ ಸುರಕ್ಷಿತ ಎಂದರ್ಥವಲ್ಲ.

ಒತ್ತಕ್ಷರ:
ಸಬ್‌ಟೈಟಲ್ ಎರಡೇ ಸಾಲು. ಓದುವ ವೇಗದ ಬಗ್ಗೆ ಸಾಫ್ಟ್‌ವೇರ್ ಕೊಡುವ ಎಚ್ಚರಿಕೆಯನ್ನು ಪೂರ್ತಿ ನಂಬಬೇಡಿ: 'ಸ್ತ್ರೀ' ನಮಗೆ ಒಂದಕ್ಷರ, ಯುನಿಕೋಡ್ ಲೆಕ್ಕದಲ್ಲಿ ಆರು. ಗಟ್ಟಿಯಾಗಿ ಓದಿಯೇ ಸಮಯ ಹೊಂದಿಸಿ. ಸಭಾಂಗಣದ ಪ್ಲೇಯರ್ ಒತ್ತಕ್ಷರ ಒಡೆಯಬಹುದು, ಆದ್ದರಿಂದ ಅಕ್ಷರಗಳನ್ನು ವಿಡಿಯೊದಲ್ಲೇ ಅಚ್ಚು ಹಾಕಿಸಿ. ಅದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್ ಬಳಸುವುದಾದರೆ ಲಿಬ್‌ಆಸ್ (ಸಬ್‌ಟೈಟಲ್ ಅಕ್ಷರ ಮೂಡಿಸುವ ಭಾಗ) ಇರುವ ಆವೃತ್ತಿ, ನೋಟೊ ಸ್ಯಾನ್ಸ್ ಕನ್ನಡ ಫಾಂಟ್. ಕೆಳಗಿನ ಮಾರ್ಜಿನ್ ಸ್ವಲ್ಪ ಹೆಚ್ಚಿಡಿ, ಇಲ್ಲದಿದ್ದರೆ ಪರದೆಯ ಅಂಚಿನಲ್ಲಿ ಒತ್ತು ಕತ್ತರಿಸಿ ಹೋಗುತ್ತದೆ. ಹೋಟೆಲಿನ ಆ ಎರಡು ನಿಮಿಷದ ಶಾಟ್ ಮೇಲೆ ಅಕ್ಷರ ಹಾಕಬೇಡಿ. ಕಲಾಪದ ಸಾಲುಗಳು ಅದರ ನಂತರ ಕಪ್ಪು ಪರದೆಯಲ್ಲಿ ಬರಲಿ.