ಸಹಾಯ ಬೇಕು: ಆನ್‌ಲೈನ್ ಕೋರ್ಸ್ ತಿದ್ದೋಕೆ ಫೀಡ್‌ಬ್ಯಾಕ್ ಫಾರ್ಮ್ ಒಂದೇ ಸಾಲ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮಕ್ಕಳಿಗೆ ಕನ್ನಡದಲ್ಲೇ 8 ವಾರದ ಅಕೌಂಟೆನ್ಸಿ ಕೋರ್ಸ್ ಆನ್‌ಲೈನಲ್ಲಿ ನಡೆಸ್ತಿದ್ದೀನಿ. ಕೊನೇಲಿ ಗೂಗಲ್ ಫಾರ್ಮ್ ಕಳಿಸಿದ್ರೆ ಎಲ್ಲರೂ ಐದಕ್ಕೆ ಐದು ಕೊಡ್ತಾರೆ. ಆದ್ರೆ ಮೂರನೇ ವಾರಕ್ಕೇ ಬಿಟ್ಟುಹೋದವರು ಆ ಫಾರ್ಮ್ ನೋಡೋದೇ ಇಲ್ಲ. ನನಗೆ ಬೇಕಿರೋದು ಅವರ ಮಾತು.

ಮೊನ್ನೆ ಒಬ್ಬ ವಿದ್ಯಾರ್ಥಿನಿ ಹತ್ರ ಸ್ಕ್ರೀನ್ ಶೇರ್ ಮಾಡಿಸಿ, ಸವಕಳಿ (ಬಳಸ್ತಾ ಬಳಸ್ತಾ ವಸ್ತುವಿನ ಬೆಲೆ ಇಳಿಯೋದು) ಪಾಠ ನೋಡಮ್ಮ ಅಂತ ಹೇಳಿ ಸುಮ್ಮನೆ ಕೂತೆ. 1,00,000 ರೂಪಾಯಿಯ ಯಂತ್ರ, ಉಳಿದ ಬೆಲೆ ಮೇಲೆ ವರ್ಷಕ್ಕೆ 10% ಸವಕಳಿ. ಎರಡನೇ ವರ್ಷಕ್ಕೆ 9,000 ಬರಬೇಕಿತ್ತು, ಅವಳು 10,000 ಬರೆದಳು. ಒಂದೇ ಜಾಗಕ್ಕೆ ಮೂರು ಸಲ ವಿಡಿಯೋ ಹಿಂದಕ್ಕೆ ಎಳೆದಳು. ಆಗ ಕಣ್ಣಿಗೆ ಬಿತ್ತು: ಉಳಿದ 90,000 ಇದ್ದ ಸಾಲನ್ನ ನಾನೇ ಸ್ಕ್ರೀನಿಂದ ಮೇಲೆ ಸರಿಸಿಬಿಟ್ಟಿದ್ದೆ! ಯಾವ ಫಾರ್ಮೂ ಇದನ್ನ ಹೇಳಿರಲಿಲ್ಲ.

ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನ ನಾಲ್ಕು ಹಂತದಲ್ಲಿ ಅಳೀಬೇಕು ಅಂದಿದ್ರು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ನನ್ನದು ಮೊದಲನೇದರಲ್ಲೇ ನಿಂತಿದೆ.

ಬಿಟ್ಟುಹೋದ ಮಕ್ಕಳಿಗೆ ನಾನು ಫೋನ್ ಮಾಡಿದ್ರೆ, ಬೈತೀನೇನೋ ಅಂತ ಮಾತಾಡೋಕೆ ಹಿಂಜರೀತಾರೆ. ಅವರು ಮನಸ್ಸು ಬಿಚ್ಚಿ ಮಾತಾಡೋ ಹಾಗೆ ಏನು ಕೇಳಬೇಕು? ಕೋರ್ಸಿನ ಮೊದಲು ಮತ್ತು ಕೊನೇಲಿ ಕೊಡೋ ಎರಡು ಟೆಸ್ಟ್ ಒಂದೇ ಮಟ್ಟದಲ್ಲಿರೋ ಹಾಗೆ ಹೇಗೆ ಮಾಡ್ತೀರಿ? ನೀವು ಬಳಸಿದ ಪ್ರಶ್ನೆಗಳಿದ್ರೆ ದಯವಿಟ್ಟು ಹಂಚಿಕೊಳ್ಳಿ. ಮುಂದಿನ ಬ್ಯಾಚ್ ಶುರುವಾಗೋಕೆ ಮೂರು ವಾರ ಇದೆ.